ಯಂಕೇಶನ ಟಪಾಲು ಡಬ್ಬಿ

ಪಾರ್ವತೆಮ್ಮನವರು ದೇವರ ಹೆಸರಿಲ್ಲದ ಕಾಗದವನ್ನು ಒಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಕರೆಂಟ್ ಬಿಲ್ ಬಂದರೂ ಅದರ ನೆತ್ತಿಯ ಮೇಲೆ ‘ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ’ ಎಂದು ಬರೆದೇ ಗೂಡಿಗೆ ಸೇರಿಸುತ್ತಿದ್ದರು. ಆನೆಗೊಂದಿಯಲ್ಲಿ ಬಾಳೆನಾರಿನ ಚೀಲ ಹೆಣೆಯುವ ಹೆಂಗಸರ ಸಂಘಕ್ಕೆ ಅವರೇ ಅಧ್ಯಕ್ಷರು. ಹಾಗಾಗಿ ಆ ಶುಕ್ರವಾರ ಬೆಳಿಗ್ಗೆ ಸಂಘದ ಕೆಲಸದ ಹುಡುಗ ಯಂಕೇಶ ತಾನು ಮಾಡಿದ ಹೊಸ ವೆಬ್‌ಸೈಟ್ ತೋರಿಸಿದಾಗ ಅವರ ಕಣ್ಣು ಹೋದದ್ದು ಚೀಲಗಳ ಫೋಟೊ ಕಡೆಗಲ್ಲ, ಕೆಳಗಿದ್ದ ಖಾಲಿ ಡಬ್ಬಿಯ ಕಡೆಗೆ.

“ಇದೇನೋ ತಮ್ಮಾ, ಬೋಳು ಹಣಿ ಇದ್ದಂಗ ಐತಿ?”

“ಟಪಾಲು ಡಬ್ಬಿ ಇದ್ದಂಗರೀ ಅಕ್ಕಾರ. ಚೀಲ ಬೇಕಾದವರು ಇದರಾಗ ಬರೆದು ಗುಂಡಿ ಒತ್ತಿದ್ರ ನಮಗ ಬರ್ತೈತಿ.”

“ಮ್ಯಾಲೆ ಅವ್ವನ ಹೆಸರು?”

“ಬೇಕಂದವರು ಬರ್ಕೋತಾರ್ರಿ.”

“ಮರೆತವರು? ನೀನ ಮೊದಲ ಬರೆದಿಡು.”

ಯಂಕೇಶ ಬರೆದಿಟ್ಟ. ಗಂಗಾವತಿಯಲ್ಲಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ್ದವನಿಗೆ ಅಷ್ಟು ಬರುತ್ತಿತ್ತು. ವೆಬ್‌ಸೈಟ್ ಪುಕ್ಕಟೆಯದು. ಅದು ಪುಟ ತೋರಿಸುತ್ತಿತ್ತೇ ಹೊರತು ಬಂದ ಪತ್ರ ಹಿಡಿದಿಡುತ್ತಿರಲಿಲ್ಲ. ಅದಕ್ಕೆಂದು ಇನ್ನೊಂದು ಪುಕ್ಕಟೆ ಸೇವೆ ಹುಡುಕಿ, ಅವರು ಕೊಟ್ಟ ಸಾಲುಗಳನ್ನು ಹಾಗೇ ನಕಲು ಮಾಡಿ ಅಂಟಿಸಿದ್ದ, ಮಂತ್ರ ಬಾರದವನು ಪೂಜಾರಿಯ ಹಿಂದೆ ತುಟಿ ಆಡಿಸಿದ ಹಾಗೆ. ಹೆಸರು, ಫೋನ್ ನಂಬರ್ ಕೇಳುವ ಸಾಲು ಸೇರಿಸಹೋದಾಗಲೆಲ್ಲ ಪುಟವೇ ಮಾಯವಾಗುತ್ತಿತ್ತು. ಕೊನೆಗೆ ಒಂದೇ ಡಬ್ಬಿ ಸಾಕೆಂದು ಕೈಮುಗಿದಿದ್ದ.

ಅಂದು ಆ ಡಬ್ಬಿಯ ಮೇಲೆ ಅವನ ಕುರ್ಚಿ ನಿಂತಿತ್ತು. ಹುಬ್ಬಳ್ಳಿಯ ಅಂಗಡಿಯ ರವಿಕುಮಾರ ಐದುನೂರು ಚೀಲ ಬೇಕೆಂದಿದ್ದರು. ಆದರೆ ಬಾಯಿಮಾತು ಅವರಿಗೆ ಆಗದು. ಶುಕ್ರವಾರ ವೆಬ್‌ಸೈಟಿನಲ್ಲೇ ಬರೆಯುತ್ತೇನೆ, ನಾಲ್ಕು ಗಂಟೆಯೊಳಗೆ ಉತ್ತರ ಬರದಿದ್ದರೆ ಬೇರೆ ಸಂಘಕ್ಕೆ ಕೊಡುತ್ತೇನೆ ಎಂದಿದ್ದರು. ಕೆಲಸ ಕೂಡಿಬಂದರೆ ಯಂಕೇಶನಿಗೆ ಕಂಪ್ಯೂಟರ್ ಮುಂದಿನ ಕುರ್ಚಿ ಕಾಯಂ. ಇಲ್ಲದಿದ್ದರೆ ಹಿತ್ತಲ ತಗಡಿನ ಶೆಡ್ಡಿನಲ್ಲಿ ಮೊದಲಿನಂತೆ ಬಾಳೆದಿಂಡು ಸೀಳಿ ನಾರು ತೆಗೆಯಬೇಕು. ಆ ರಸದ ಕಲೆ ಎಷ್ಟು ಒಗೆದರೂ ಹೋಗುವುದಿಲ್ಲ. ಅವನ ಮೂರು ಅಂಗಿ ಹಾಗೇ ಹಾಳಾಗಿದ್ದವು.

“ಒಮ್ಮೆ ಒತ್ತಿ ನೋಡ್ರಿ ಅಕ್ಕಾರ,” ಎಂದ. ಅದೇ ತಪ್ಪಾಯಿತು.

ಸಂಘಕ್ಕೆ ಹೊಲಿಗೆ ಯಂತ್ರ ಬಂದಾಗ ನಲವತ್ತು ಹೆಂಗಸರೂ ಒಬ್ಬೊಬ್ಬರಾಗಿ ಮುಟ್ಟಿ ನಮಸ್ಕರಿಸಿದ್ದರು. ಒಬ್ಬರನ್ನು ಬಿಟ್ಟರೂ ಆರು ತಿಂಗಳು ಮುಖ ತಿರುಗಿಸುವ ಜನ. ಅಧ್ಯಕ್ಷರು ಒತ್ತಿದ ಮೇಲೆ ಕೇಳಬೇಕೇ? ಹೆಣಿಗೆ ಬಿಟ್ಟು ಎಲ್ಲರೂ ತಮ್ಮ ತಮ್ಮ ಫೋನ್ ತೆಗೆದರು.

“ನಿನ್ನಿ ಸಾರಿಗೆ ಉಪ್ಪು ಜಾಸ್ತಿ ಆಗಿತ್ತಂತ ಬರೆದೀನಿ. ಬಂತೇನೋ?” ಯಮನೂರಮ್ಮ ಕೂಗಿದಳು.

“ಬಂದೈತ್ರಿ.”

“ನಂದು?” ಎಂದಳು ಹಸನಬೀ. “ನಿಮ್ಮವ್ವನ ಹೆಸರು ಅಳಸಿಲ್ಲಪಾ, ಅದರ ಕೆಳಗ ಸಲಾಂ ಹೇಳೀನಿ.”

“ಅದೂ ಬಂದೈತ್ರಿ.”

ಕಳಿಸಿದ್ದು ಮುಟ್ಟುತ್ತದೆಂದು ತಿಳಿದು ಕೆಲವರು ಎರಡೆರಡು ಸಲ ಕಳಿಸಿದರು. ಹನ್ನೆರಡೂವರೆಗೆ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಈ ತಿಂಗಳ ಐವತ್ತು ಪುಕ್ಕಟೆ ಪತ್ರ ಮುಗಿದವು, ಇನ್ನು ತೆಗೆದುಕೊಳ್ಳುವುದಿಲ್ಲ.

ರವಿಕುಮಾರರ ಪತ್ರ ಬಂದರೆ ಇನ್ನು ಎಲ್ಲಿ ಸೇರಬೇಕು? ಯಂಕೇಶ ಬಂದ ಪತ್ರಗಳ ಪಟ್ಟಿ ತೆರೆದ. ಪಟ್ಟಿಯಲ್ಲಿ ಪ್ರತಿ ಪತ್ರದ ಮೊದಲ ಸಾಲಷ್ಟೇ ಕಾಣುತ್ತಿತ್ತು. ಐವತ್ತೂ ಸಾಲು ‘ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ’, ಒಂದೇ ಅಚ್ಚಿನ ಇಟ್ಟಿಗೆಗಳಂತೆ. ನಾಲ್ಕನ್ನು ತೆರೆದು ನೋಡಿದ. ಉಪ್ಪು, ಸಲಾಂ, ಊಟ ಆತೇನು, ಮತ್ತೆ ಉಪ್ಪು.

“ಇಷ್ಟಕ್ಕ ಯಾಕ ಬೆವರ್ತಿ?” ಎಂದಳು ಯಮನೂರಮ್ಮ. “ನನ್ನ ಫೋನ್ ತುಂಬಿದ್ರ ನಮ್ಮ ಮಗಳು ಗುಡ್ ಮಾರ್ನಿಂಗ್ ಹೂವಿನ ಚಿತ್ರ ಎಲ್ಲಾ ಅಳಸ್ತಾಳ. ಜಾಗ ಆಗ್ತೈತಿ.”

ಮಾತು ನ್ಯಾಯವಾಗಿ ಕಂಡಿತು. ಯಂಕೇಶ ಐವತ್ತನ್ನೂ ಒಟ್ಟಿಗೆ ಅಳಿಸಿದ. ಪಟ್ಟಿ ಸಾರಿಸಿದ ಅಂಗಳದಂತಾಯಿತು, ಕೆಂಪು ಅಕ್ಷರ ಮಾತ್ರ ಅಲ್ಲಾಡಲಿಲ್ಲ.

ಕೊನೆಗೆ ಬೇರೆ ಹೆಸರಿನಲ್ಲಿ ಹೊಸ ಖಾತೆ ತೆರೆದು, ಹೊಸ ಸಾಲುಗಳನ್ನು ಅಂಟಿಸಿದ. ಎರಡು ಸಲ ಪುಟ ಮಾಯವಾಯಿತು, ಒಂದು ಸಲ ಕರೆಂಟ್ ಹೋಯಿತು. ಮೂರೂ ಮುಕ್ಕಾಲಿಗೆ ಡಬ್ಬಿ ಮತ್ತೆ ಬಾಯಿ ತೆರೆಯಿತು. “ಯಾರೂ ಮುಟ್ಟಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದ. ಎಲ್ಲರೂ ಕೈಕಟ್ಟಿ ನಿಂತರು. ನಾಲ್ಕು ಹೊಡೆಯಿತು. ಏನೂ ಬರಲಿಲ್ಲ.

ನಾಲ್ಕೂಕಾಲಿಗೆ ಪಾರ್ವತೆಮ್ಮನವರ ಫೋನ್ ಬಡಿದುಕೊಂಡಿತು. ರವಿಕುಮಾರರ ದನಿ ಎಲ್ಲರಿಗೂ ಕೇಳುವಷ್ಟು ದೊಡ್ಡದಿತ್ತು.

“ಉತ್ತರಾನ ಕೊಡ್ಲಿಲ್ಲಲ್ರಿ ನೀವು?”

“ನೀವು ಬರೀಲೇ ಇಲ್ಲಲ್ರಿ?”

“ಹನ್ನೊಂದಕ್ಕ ಬರೆದೀನ್ರಿ ಅಮ್ಮಾ. ತೆರೆದ ಕೂಡಲೆ ಹುಲಿಗೆಮ್ಮನ ಹೆಸರು ಕಾಣಿಸ್ತು. ಶಕುನ ಛಲೋ ಐತಿ ಅಂತ ಅದನ್ನ ಹಂಗ ಇಟ್ಟು, ಐದುನೂರಲ್ಲ, ಸಾವಿರ ಚೀಲ ಅಂತ ಕೆಳಗ ಬರೆದೆ. ನಾಲ್ಕರ ತನಕ ಕಾದು ಬ್ಯಾರೇದವರಿಗೆ ಹೇಳಿಬಿಟ್ಟೆ.”

ಫೋನ್ ಬಂದಾಯಿತು. ಯಮನೂರಮ್ಮ ಒಮ್ಮೆಲೇ ತನ್ನ ಹೆಣಿಗೆ ನೆನಪಾದಂತೆ ಎದ್ದುಹೋದಳು. ಪಾರ್ವತೆಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಒಂದೇ ಬೆರಳಿನಿಂದ ಫೋನಿನಲ್ಲಿ ಬಹಳ ಹೊತ್ತು ಏನೋ ಒತ್ತಿದರು.

ಯಂಕೇಶನ ಕಂಪ್ಯೂಟರ್ ಟಿಣ್ ಎಂದಿತು. ಹೊಸ ಡಬ್ಬಿಗೆ ಮೊದಲ ಪತ್ರ. ತೆರೆದ.

‘ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ. ನಾಳೆ ಮುಂಜಾನಿ ಎಂಟಕ್ಕ ನಾರು ತೆಗಿಯಾಕ ಬಾ. ಹಳೇ ಅಂಗಿ ಹಾಕ್ಕೊಂಡು ಬಾ.’

“ಬಂತೇನೋ ತಮ್ಮಾ?” ಎಂದರು ಪಾರ್ವತೆಮ್ಮ.

“ಬಂದೈತ್ರಿ ಅಕ್ಕಾರ,” ಎಂದ ಯಂಕೇಶ.