ಗೋಧಿ ನಸುಕೋ, ಮರಳು ಮುಸ್ಸಂಜೆಯೋ

ಬಣ್ಣದ ಕಂಪನಿಯಲ್ಲಿ ಬಣ್ಣಗಳಿಗೆ ಹೆಸರಿಡುವ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮಗೂ, ಪ್ರತ್ಯೇಕವಾಗಿ ತಮ್ಮ ಎರಡು ಕಣ್ಣುಗಳಿಗೂ ನನ್ನ ನಮಸ್ಕಾರಗಳು. ತಮ್ಮ ಶೇಡ್ ಕಾರ್ಡಿನಲ್ಲಿ, ಕೆನೆಗೂ ಮಣ್ಣಿಗೂ ನಡುವೆ ಎಲ್ಲೋ ಅಕ್ಕಪಕ್ಕ ಕುಳಿತಿರುವ ‘ಗೋಧಿ ನಸುಕು’ ಮತ್ತು ‘ಮರಳು ಮುಸ್ಸಂಜೆ’ ಬೇರೆ ಬೇರೆ ಬಣ್ಣಗಳೆಂದು ಕಂಡುಹಿಡಿದ ಕಣ್ಣುಗಳು ಸಾಮಾನ್ಯವಾಗಿರಲಾರವು.

ನಮ್ಮ ಮಲಗುವ ಕೋಣೆಗೆ ಹೆಂಡತಿ ನಸುಕನ್ನೂ ನಾನು ಮುಸ್ಸಂಜೆಯನ್ನೂ ಆರಿಸಿದ ದಿನದಿಂದ, ಅಂದರೆ ಇಪ್ಪತ್ತು ದಿನಗಳಿಂದ, ನಾವು ಹಾಲ್‌ನಲ್ಲಿ ಬಿಚ್ಚಿಟ್ಟ ಮಂಚದ ಕಾಲುಗಳ ನಡುವೆ, ಬೀರುವಿನ ಆಶ್ರಯದಲ್ಲಿ ಮಲಗುತ್ತಿದ್ದೇವೆ. ಗೋಡೆಯ ಮೇಲೆ ಅಂಗೈಯಗಲ ಎರಡು ಮಾದರಿ ಬಳಿಸಿ, ಬೆಳಗಿನ ಬಿಸಿಲಿನಲ್ಲಿ, ಟ್ಯೂಬ್‌ಲೈಟಿನಲ್ಲಿ, ಕನ್ನಡಕ ಹಾಕಿಕೊಂಡು, ತೆಗೆದು, ಕೊನೆಗೆ ನನ್ನ ಹಳೆಯ ಬನಿಯನ್ನನ್ನು ಪಕ್ಕಕ್ಕೆ ಹಿಡಿದೂ ನೋಡಿದೆವು. ಬನಿಯನ್ ಮೂರನೆಯ ಬಣ್ಣವೆಂದು ತೀರ್ಮಾನವಾಯಿತು. “ನಿಮ್ಮದು ಯಾಕೋ ಆಸ್ಪತ್ರೆ ಥರ ಇದೆ ಕಣ್ರೀ” ಎಂದಳು. “ನಿಂದು ಹಳೇ ಲಕೋಟೆ ಕಣೇ” ಎಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ನಮ್ಮ ಮಾತು ಗ್ಯಾಸ್ ಸಿಲಿಂಡರಿಗೂ ನೀರಿನ ಮೋಟಾರಿಗೂ ಇಳಿದಿತ್ತೆಂಬುದು ತಮಗೆ ತಿಳಿದಿರಲಾರದು.

ಹೀಗೆ ನಗುತ್ತಿರುವಾಗಲೇ ನನಗೆ ಸೋಲುವ ಆಸೆ ಹುಟ್ಟಿತು. ಅವಳಿಗೆ ತಿಳಿಯದಂತೆ ಪೇಂಟರಿಗೆ, ನಸುಕನ್ನೇ ಬಳಿ ಎಂದೆ. ಅವಳು ನನಗೆ ತಿಳಿಯದಂತೆ ಮುಸ್ಸಂಜೆಯನ್ನೇ ಬಳಿಯಲು ಹೇಳಿದ್ದಳು. ಯಾರ ಮಾತನ್ನೂ ಮೀರದ ಆ ಸಜ್ಜನ ಎರಡೆರಡು ಗೋಡೆ ಹಂಚಿ ಬಳಿದು, ಡಬ್ಬಗಳನ್ನು ತೊಳೆದು ಬೋರಲು ಹಾಕಿದ್ದಾನೆ. ಯಾವ ಗೋಡೆಗೆ ಯಾವುದು ಎಂದು ಕೇಳಿದರೆ, “ನೀವೇ ಹೇಳಿ ಸಾರ್, ಇಪ್ಪತ್ತು ದಿನ ನೋಡಿದೋರು ನೀವು” ಎನ್ನುತ್ತಾನೆ.

ನಿನ್ನೆಯಿಂದ ನಾವಿಬ್ಬರೂ ಕೋಣೆಯ ನಡುವೆ ನಿಂತು ಗಿರಗಿರನೆ ತಿರುಗುತ್ತಿದ್ದೇವೆ. ಕಿಟಕಿಯ ಗೋಡೆ ನಿಮ್ಮ ಬಣ್ಣದ್ದೇ ಎಂದು ಅವಳು ಹಟ ಹಿಡಿದಿದ್ದಾಳೆ. ಅಲ್ಲ, ನಿನ್ನದೇ ಎಂದು ನಾನು. ಆದ್ದರಿಂದ ತಾವು ದಯವಿಟ್ಟು ಖುದ್ದಾಗಿ ಬಂದು ಯಾವುದು ಯಾವುದೆಂದು ತೋರಿಸಬೇಡಿ. ಬದಲಿಗೆ, ಈ ಎರಡರ ನಡುವಿನ ಸಂದಿಯಲ್ಲಿ ಇನ್ನೂ ಎರಡು ಬಣ್ಣಗಳನ್ನು ಹುಡುಕಿ, ಹೆಸರಿಟ್ಟು, ತುರ್ತಾಗಿ ಕಳಿಸಿಕೊಡಿ. ಹಾಲ್ ಬಾಕಿ ಇದೆ.

ನಾಲ್ಕು ಗೋಡೆಗಳ ಮಧ್ಯದಿಂದ,
ತಮ್ಮ ತಲೆಸುತ್ತಿದ ವಿಶ್ವಾಸಿ

ವಿ.ಸೂ.: ‘ಕಾರ್ಡಿನ ಬಣ್ಣಕ್ಕೂ ಗೋಡೆಯ ಬಣ್ಣಕ್ಕೂ ವ್ಯತ್ಯಾಸ ಕಾಣಬಹುದು’ ಎಂದು ಕಾರ್ಡಿನ ಹಿಂಬದಿಯಲ್ಲಿ ಸಾಸಿವೆಯಷ್ಟು ಅಕ್ಷರಗಳಲ್ಲಿದೆ. ಅಂಥ ವ್ಯತ್ಯಾಸ ಕಾಣುವವರು ತಮ್ಮ ಕಚೇರಿಯಲ್ಲಿ ಇದ್ದರೆ ತಿಳಿಸಿ. ಅವರ ಮನೆಯಲ್ಲಿ ಈಗಲೂ ಮಾತುಕತೆ ಇದೆಯೇ ಎಂದು ಕೇಳಬೇಕಿತ್ತು.