ಆದೆಮ್ಮನ ತುಂಬಿದ ಉಡಿ

"ಏನಂದ್ರಿ ಮಾಳಿಂಗಪ್ಪಣ್ಣಾ? ನನಗ ನಡ್ಯಾಕ ಆಗಂಗಿಲ್ಲಂತ? ನನಗ? ತಲಿ ಮ್ಯಾಲೊಂದು ಕೊಡ, ಬಗಲಾಗೊಂದು ಕೊಡ ಹೊತ್ತು ದಿನಾ ಕಾಲುವಿಯಿಂದ ಬರಾಕಿ ನಾನು! ಈ ಕಾಲು ನೋಡ್ರಿ, ಕಾಲು! ನಿಮ್ಮ ಗಂಡಸರ ಹಂಗ ಕಟ್ಟಿ ಮ್ಯಾಲ ಕುಂತು, ಚಾ ಕುಡುದು ಮೆತ್ತಗಾದ ಕಾಲಲ್ಲ ಇವು. ಮಾನ್ವಿ ಸಂತಿ, ರಾಯಚೂರು ದವಾಖಾನಿ, ಇವೆರಡು ಬಿಟ್ರ ಮೂರನೇ ಊರು ಕಂಡಾಕಿ ಅಲ್ಲ ನಾನು, ಖರೇ ಅದ. ಅದಕ ಹೇಳಾಕತ್ತೀನಿ, ಈ ಸಲ ತುಳಜಾಪುರದ ಅವ್ವನ್ನ ಕಣ್ಣು ತುಂಬ ನೋಡೇ ಬರಾಕಿ! ಮಳಿ ಬರಲಿ, ಸಿಡ್ಲು ಬಡೀಲಿ, ರಾಡಿ ಮೊಣಕಾಲ ಮಟ ಏರಲಿ, ಬಂಡಿ ಹತ್ತಾಕಿ ಅಲ್ಲ, ಬಸ್ಸು ಹತ್ತಾಕಿ ಅಲ್ಲ. ನಡದೇ ಹೋಗಾಕಿ! ಬರ್ಕೊಳ್ರಿ ಬೇಕಾದ್ರ!"

ಎಪ್ಪತ್ತೆಂಟನೇ ಇಸವಿಯ ಮಹಾಲಯ ಅಮಾವಾಸ್ಯೆ ಮುಗಿದ ಮರುದಿನ ಸಿರವಾರದ ಬೇವಿನಕಟ್ಟೆಯ ಮುಂದೆ ನಿಂತು ಆದೆಮ್ಮ ಈ ಘೋಷಣೆ ಮಾಡಿದಾಗ, ಕಟ್ಟೆಯ ಮೇಲೆ ಮಲಗಿದ್ದ ನಾಯಿ ಕೂಡ ಎದ್ದು ಕೂತಿತು. ಸೀಗಿ ಹುಣ್ಣಿಮೆಗೆ ತುಳಜಾಪುರ ಮುಟ್ಟುವ ಹಾಗೆ ಪ್ರತಿ ವರ್ಷ ಬರಿಗಾಲಲ್ಲಿ ಹೊರಡುವ ತಂಡಕ್ಕೆ ಮಾಳಿಂಗಪ್ಪನೇ ಮುಂದಾಳು. ಅರ್ಧ ದಾರಿಯಲ್ಲಿ ಕಾಲು ನೋವೆಂದು ಅಳುವವರನ್ನು ಸಮಾಧಾನ ಮಾಡಿ ಮಾಡಿ ಅವನ ಗಡ್ಡ ಬೆಳ್ಳಗಾಗಿತ್ತು.

"ಆಯ್ತು ಬಿಡಬೇ ಆದೆಮ್ಮ. ಮೊದಲ್ನೇ ಮುಕ್ಕಾಂ ದೇವದುರ್ಗ. ದೀಪ ಹಚ್ಚೂದರಾಗ ನಿನ್ನ ಕಾಲಿಲೆ ನೀ ನಡದು ಮುಟ್ಟಿದ್ರ, ಮುಂದ ತುಳಜಾಪುರ. ನಡುವ ಬಂಡಿ ಹತ್ತಿದಿ ಅಂದ್ರ, ಅಲ್ಲಿಂದ ಹಿಂದಕ ಸಿರವಾರ!"

ಆದೆಮ್ಮನ ಗಂಡ ಯಮನೂರಪ್ಪ ಮೀಸೆಯಲ್ಲೇ ನಕ್ಕ. ಅವನಿಗೇನು ಚಿಂತೆ? ಹಿಟ್ಟಿನ ಚೀಲ, ಪಾತ್ರೆ ಪಗಡೆ ಹೇರಿದ ತಂಡದ ಬಂಡಿ ಹೊಡೆಯುವ ಕೆಲಸ ಅವನಿಗೆ ಸಿಕ್ಕಿತ್ತು. ಸಿರವಾರದಲ್ಲಿ ಹತ್ತಿದರೆ ತುಳಜಾಪುರದಲ್ಲಿ ಇಳಿಯುವುದು! ಕಾಲಿಗೆ ಮಣ್ಣು ಹತ್ತದೆ ಪುಣ್ಯ ಹತ್ತುವ ದಾರಿ.

"ಲೇ, ಹಿಟ್ಟಿನ ಚೀಲದ ಬಾಜೂಕ ನಿನಗೊಂದು ಜಾಗಾ ಇಟ್ಟಿರ್ತೀನಿ" ಅಂದ.

"ಆ ಜಾಗದಾಗ ನಿಮ್ಮ ನಾಲಿಗಿ ಇಟ್ಕೊಳ್ರಿ! ಭಾಳ ಉದ್ದ ಆಗೇದ" ಅಂದಳು ಆದೆಮ್ಮ.

ಹೊರಡುವ ಹಿಂದಿನ ರಾತ್ರಿಯೇ ಮಳೆ ಬೀಳಬೇಕೆ! ಮುಂಜಾನೆ ಊರು ದಾಟುತ್ತಲೇ ಎರೆಹೊಲದ ದಾರಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಎರೆಮಣ್ಣಿನ ಗುಣ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಒಣಗಿದ್ದಾಗ ಕಲ್ಲು, ನೆನೆದಾಗ ಬೀಗತಿ! ಒಮ್ಮೆ ಕಾಲು ಹಿಡಿದರೆ ಬಿಡುವ ಮಾತೇ ಇಲ್ಲ. ಹೆಜ್ಜೆಗೊಂದು ಪದರದಂತೆ ಅಂಟಿ ಅಂಟಿ, ಸ್ವಲ್ಪ ಹೊತ್ತಿನಲ್ಲೇ ಆದೆಮ್ಮನ ಒಂದೊಂದು ಪಾದವೂ ಒಂದೊಂದು ರೊಟ್ಟಿ ಹಂಚಿನಷ್ಟು ಅಗಲವಾಯಿತು. ಕೋಲಿನಿಂದ ಕೆರೆದು ಹಾಕುವುದು, ಮತ್ತೆ ಹಂಚು ಕಟ್ಟಿಕೊಳ್ಳುವುದು. ಆದರೂ ಆಕೆ ತಂಡದ ಮುಂದೆಯೇ ಇದ್ದಳು. "ಉಧೋ ಉಧೋ!" ಎಂದು ಆಕೆ ಕೂಗಿದರೆ ಜೋಳ ಬಿತ್ತುತ್ತಿದ್ದವರ ಎತ್ತುಗಳು ಸಾಲು ತಪ್ಪುತ್ತಿದ್ದವು.

ಮೊದಲ ಹಳ್ಳಿ ಬಂತು. ಹೆಣ್ಣುಮಕ್ಕಳು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನೆರೆಮನೆಯ ಸೂಗಮ್ಮ ಈ ದಾರಿ ಹಲವು ಸಲ ತುಳಿದವಳು. "ಅವ್ವನ ಪಾಲು ಚೀಲಕ್ಕ ಹಾಕ್ರೆವ್ವಾ" ಎಂದು ಕೈಚೀಲ ಒಡ್ಡಿದಳು. ಆದೆಮ್ಮನಿಗೆ ಅದು ಬಹಳ ಸಪ್ಪೆ ಅನಿಸಿತು.

"ಅಲ್ಲ ಸೂಗಮ್ಮಕ್ಕ, ಚೀಲ ಹಿಡ್ಯಾಕ ನಾವೇನು ರೇಶನ್ ಅಂಗಡಿಗಿ ಹೊಂಟೀವೇನು? ತುಂಬ್ರೆವ್ವಾ, ನನಗ ಉಡಿ ತುಂಬ್ರಿ!"

ಅಂದವಳೇ ಮಣೆ ಮೇಲೆ ಕೂತಳು. ಹಣೆಗೆ ಕುಂಕುಮ, ಗಲ್ಲಕ್ಕೆ ಅರಿಸಿನ, ಸೆರಗಿಗೆ ಅಕ್ಕಿ! ಮುತ್ತೈದೆಯ ಉಡಿ ಅಂದರೆ ಸುಮ್ಮನೆಯೇ? ಬೇಡ ಅನ್ನುವಂತಿಲ್ಲ, ನೆಲಕ್ಕಿಡುವಂತಿಲ್ಲ, ಇನ್ನೊಬ್ಬರಿಗೆ ದಾಟಿಸುವಂತಿಲ್ಲ.

"ಆದೆಮ್ಮಾ, ಉಡಿ ಬ್ಯಾಡಬೇ, ದಾರಿ ಇನ್ನೂ ಭಾಳದ..." ಎಂದು ಸೂಗಮ್ಮ ಏನೋ ಹೇಳಲು ಬಂದಳು.

"ಹೊಟ್ಟಿಕಿಚ್ಚು ಪಡಬ್ಯಾಡಕ್ಕ!" ಎಂದು ಆದೆಮ್ಮ ಎದ್ದೇಬಿಟ್ಟಳು. ಸೂಗಮ್ಮ ಬಾಯಿ ಮುಚ್ಚಿದಳು. ಆಮೇಲೆ ಸಂಜೆಯವರೆಗೆ ತೆರೆಯಲಿಲ್ಲ.

ಮುಂದಿನ ಹಳ್ಳಿಗೆ ಸುದ್ದಿ ಇವರಿಗಿಂತ ಮೊದಲೇ ಮುಟ್ಟಿತ್ತು. "ಉಡಿ ತುಂಬಿಸ್ಕೊಳ್ಳೋ ಆಯಿ ಬರಾಕತ್ಯಾಳಂತ!" ಮತ್ತೆ ಮಣೆ, ಮತ್ತೆ ಕುಂಕುಮ, ಮತ್ತೆ ಅಕ್ಕಿ. ಅದರ ಮುಂದಿನ ಊರಲ್ಲಿ ಇಡೀ ಓಣಿಯೇ ಸಾಲುಗಟ್ಟಿತ್ತು. ಕುಪ್ಪಸದ ಕಣ ಬಂದವು, ಬೆಲ್ಲದ ಅಚ್ಚು ಬಂತು, ಒಬ್ಬಾಕೆ ಭಕ್ತಿ ಹೆಚ್ಚಾಗಿ ಇಡೀ ತೆಂಗಿನಕಾಯಿಗಳನ್ನೇ ಸುರಿದಳು. ಮಧ್ಯಾಹ್ನದ ಹೊತ್ತಿಗೆ ಆದೆಮ್ಮ ದಿನ ತುಂಬಿದ ಬಸುರಿಯಂತೆ ಹಿಂದಕ್ಕೆ ವಾಲಿ ನಡೆಯುತ್ತಿದ್ದಳು. ಮೇಲೆ ಅಕ್ಕಿಯ ಭಾರ, ಕೆಳಗೆ ಎರೆಮಣ್ಣಿನ ಭಾರ, ನಡುವೆ ಛಲ!

ಬಂಡಿಯ ದಾರಿ ಹೊಲದ ಬಾಜೂಕೇ ಇತ್ತು. ಯಮನೂರಪ್ಪ ಬೀಡಿ ಎಳೆಯುತ್ತಾ ಕೂಗಿದ, "ಲೇ, ಎಷ್ಟನೇ ತಿಂಗಳಾ?"

"ಹುಟ್ಟಿದ ಮ್ಯಾಲ ನಿಮ್ಮ ಕೈಯಾಗ ಕೊಡ್ತೀನಿ, ತಡ್ರಿ!"

ಹಳ್ಳದ ಇಳಿಜಾರಿನಲ್ಲಿ ಆಗಬಾರದ್ದು ಆಗಿಯೇಹೋಯಿತು. ಆದೆಮ್ಮನ ಎಡಗಾಲು ಪಚಕ್ಕನೆ ಮೊಣಕಾಲವರೆಗೆ ಇಳಿಯಿತು. ಅದನ್ನು ಕೀಳಲು ಹೋದರೆ ಬಲಗಾಲೂ ಇಳಿಯಿತು. ಎರಡೂ ಕೈ ಉಡಿಯಲ್ಲಿ. ನೆಟ್ಟ ಕಂಬದಂತೆ ನಿಂತಳು ಆದೆಮ್ಮ.

"ಕೈ ಕೊಡಬೇ, ಜಗ್ಗತೀನಿ" ಅಂದ ಮಾಳಿಂಗಪ್ಪ.

"ಕೈ ಕೊಟ್ರ ಉಡಿ ಯಾರು ಹಿಡೀಬೇಕು? ನೀವು ಹಿಡೀತೀರೇನು?"

ಮಾಳಿಂಗಪ್ಪ ನಾಚಿ ಎರಡು ಹೆಜ್ಜೆ ಹಿಂದೆ ಸರಿದ. ಹೆಂಡತಿಯ ಮಾನ ಉಳಿಸಲು ಯಮನೂರಪ್ಪನೇ ಬಂಡಿಯಿಂದ ಧುಮುಕಿ, ಹೊಸ ಚಪ್ಪಲಿ ಸಮೇತ ವೀರಾವೇಶದಿಂದ ನುಗ್ಗಿದ. ಮೂರನೇ ಹೆಜ್ಜೆಗೆ ಅವನೂ ನೆಟ್ಟ! ಗಂಡ ಹೆಂಡತಿ ಎದುರುಬದುರು, ಮದುವೆಯಲ್ಲಿ ಅಂತರಪಟ ಸರಿಸಿದ ಹಾಗೆ.

"ಅಕ್ಕಿ ಚೆಲ್ಲಿ ಹೊರಗ ಬಾರಲೇ! ಬಂಡಿ ಹತ್ತು!"

"ಚೆಲ್ಲಂಗಿಲ್ಲ! ಹತ್ತಂಗಿಲ್ಲ! ಮೊದಲು ನೀವು ಹೊರಗ ಬರ್ರಿ ನೋಡೂಣು!"

ಯಮನೂರಪ್ಪನನ್ನು ನಾಲ್ಕು ಮಂದಿ ಜಗ್ಗಿ ತೆಗೆದರು. ಅವನು ಬಂದ, ಚಪ್ಪಲಿ ಬರಲಿಲ್ಲ. ಆದೆಮ್ಮ ಯಾರನ್ನೂ ಮುಟ್ಟಗೊಡಲಿಲ್ಲ. ಹಲ್ಲು ಕಚ್ಚಿ ಒಂದು ಕಾಲು ಅಲ್ಲಾಡಿಸಿದಳು, ಉಸಿರು ಬಿಟ್ಟಳು, ಕಿತ್ತಳು. ಇನ್ನೊಂದು ಅಲ್ಲಾಡಿಸಿದಳು, ಅವ್ವನನ್ನು ನೆನೆದಳು, ಕಿತ್ತಳು. ಒಂದು ಕಾಳು ಅಕ್ಕಿ ಬೀಳಲಿಲ್ಲ!

ದೇವದುರ್ಗದ ಓಣಿಗಳಲ್ಲಿ ದೀಪ ಹಚ್ಚುತ್ತಿದ್ದ ಹೊತ್ತಿಗೆ, ಮಣ್ಣಿನ ಹುತ್ತವೊಂದು ಉಡಿ ಹೊತ್ತು ಕರೆಮ್ಮಾಯಿಯ ಅಂಗಳಕ್ಕೆ ನಡೆದು ಬಂತು. ತಂಡಕ್ಕೆ ಪ್ರತಿ ವರ್ಷ ಅನ್ನ ನೀರು ಕೊಟ್ಟು ಇಳಿಸಿಕೊಳ್ಳುವ ಮುದುಕಿ ಕರೆಮ್ಮಾಯಿ.

"ಗೆದ್ದಿಬೇ ಆದೆಮ್ಮ!" ಮಾಳಿಂಗಪ್ಪ ರುಮಾಲು ತೆಗೆದು ಕೈ ಮುಗಿದ. "ಇನ್ನ ತುಳಜಾಪುರದ ತನಕ ನಿನ್ನ ಯಾರೂ ತಡ್ಯಾಂಗಿಲ್ಲ!"

ಆದೆಮ್ಮ ಗಂಡನ ಕಡೆ ಒಂದು ನೋಟ ಬಿಟ್ಟಳು. ಆ ನೋಟಕ್ಕೆ ರಾಯಚೂರು ಕೋಟೆಯ ಗೋಡೆಯೂ ಬಿರುಕು ಬಿಡಬೇಕು!

ಕಾಲಿಗೆ ನೀರು ತಂದ ಕರೆಮ್ಮಾಯಿ ತಂಬಿಗೆ ಹಿಡಿದು ಹಾಗೆಯೇ ನಿಂತಳು.

"ಯವ್ವಾ, ಇದೇನಿದು ಉಡ್ಯಾಗ?"

"ಅವ್ವಗ ಒಯ್ಯಾಕತ್ತೀನಿ ಆಯಿ."

"ಅವ್ವನ ಹೆಸರು ಹೇಳಿ ಚೀಲಕ್ಕ ಹಾಕಿದ್ರೋ, ನಿನಗ ಕುಂಕುಮ ಹಚ್ಚಿ ತುಂಬಿದ್ರೋ?"

"ನನಗ... ಕುಂಕುಮ ಹಚ್ಚಿ..."

"ಹಂಗಾದ್ರ ಅದು ಅವ್ವನ್ದಲ್ಲ, ನಿನ್ನ ಉಡಿ. ಒಬ್ಬಾಕಿಗಿ ತುಂಬಿದ್ದನ್ನ ಅವ್ವಗ ತುಂಬ್ತಾರೇನು? ತುಂಬಿದ ಉಡಿ ಮೊದಲು ಮನಿ ಮುಟ್ಟಬೇಕು, ನಿನ್ನ ಒಲಿ ಮ್ಯಾಲ ಬೇಯಬೇಕು. ಅಲ್ಲಿತನ ಮುಂದ ಹೆಜ್ಜಿ ಇಡಂಗಿಲ್ಲವ್ವಾ."

ಆದೆಮ್ಮ ಸೂಗಮ್ಮನ ಕಡೆ ನೋಡಿದಳು. "ಹೇಳಾಕ ಬಂದಿದ್ನಲ್ಲಬೇ" ಎಂದು ಸೂಗಮ್ಮ ಮೆಲ್ಲಗೆ ಬಾಯಿ ತೆರೆದಳು.

ಯಮನೂರಪ್ಪ ಹೊಟ್ಟೆ ಹಿಡಿದು ನಕ್ಕ. ಬಂಡಿಯ ಗಾಲಿ ಹಿಡಿದು ನಕ್ಕ. "ಹೋಗಲೇ, ಹೋಗಿ ಅನ್ನ ಮಾಡ್ಕೊಂಡು ಉಣ್ಣು! ನಿನ್ನ ಹೆಸರಲೆ ನಾನೊಂದು ಕಾಯಿ ಒಡಸ್ತೀನಿ!"

"ಅದೆಂಗಪ್ಪಾ?" ಕರೆಮ್ಮಾಯಿ ತಿರುಗಿದಳು. "ಉಡಿ ಅಕ್ಕಿ ಗಂಡ ಹೆಂಡ್ತಿ ಕೂಡೇ ಉಣಬೇಕು. ಕಡೀ ಕಾಳು ಮುಗಿಯೂ ತನಕ! ಮಾಳಿಂಗಪ್ಪಾ, ಬಂಡಿಗಿ ಬ್ಯಾರೆ ಆಳು ನೋಡು."

ಮರುದಿನ ದೇವದುರ್ಗದಿಂದ ಹೊರಟ ಬಸ್ಸಿನಲ್ಲಿ ಉಡಿ ಹಿಡಿದ ಹೆಂಗಸು ಒಂದು ಕಡೆ ನೋಡುತ್ತಿದ್ದಳು, ಬರಿಗಾಲಿನ ಗಂಡಸು ಇನ್ನೊಂದು ಕಡೆ ನೋಡುತ್ತಿದ್ದ.

ಸೀಗಿ ಹುಣ್ಣಿಮೆ ಬಂತು, ಹೋಯಿತು. ಸಿರವಾರದ ಆ ಮನೆಯಲ್ಲಿ ಮುಂಜಾನೆ ಅನ್ನ, ಸಂಜೆ ಅನ್ನ.

"ಒಂದೇ ಒಂದು ರೊಟ್ಟಿ ಬಡಿಯೇ ಮಾರಾಯ್ತಿ, ನಿನ್ನ ಕಾಲು ಬೀಳ್ತೀನಿ" ಅಂದ ಯಮನೂರಪ್ಪ.

"ಉಡಿ ಅಕ್ಕಿ ಮುಗಿಯೂ ತನಕ ಒಲಿ ಮ್ಯಾಲ ಹಂಚು ಏರಂಗಿಲ್ಲ! ಲಗೂ ಉಂಡು ಖಾಲಿ ಮಾಡ್ರಿ, ಮಾಳಿಂಗಪ್ಪಣ್ಣ ಬಂದ ಕೂಡ್ಲೇ ಮುಂದಿನ ವರ್ಷಕ್ಕ ಹೆಸರು ಹೇಳಬೇಕು."

ಯಮನೂರಪ್ಪ ನಿಟ್ಟುಸಿರು ಬಿಟ್ಟು ಒಲೆಗೆ ಕುಳ್ಳು ತುರುಕಿ ಊದತೊಡಗಿದ. ಆದೆಮ್ಮ ಮೊರಕ್ಕೆ ಸೇರು ಅಕ್ಕಿ ಸುರಿದುಕೊಂಡು, ಹೊಸ್ತಿಲ ಬೆಳಕಿಗೆ ಸರಿದು ಕೂತು, ಒಂದೊಂದೇ ಹರಳು ಆರಿಸಿ ಅಂಗಳಕ್ಕೆ ಎಸೆಯತೊಡಗಿದಳು.