ಒತ್ತಿ ನೋಡುವ ಮಾವ

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ನೇರವಾಗಿ ಕೂತ ಉದಾಹರಣೆಯಿಲ್ಲ! ಮೊದಲು ಸೋಫಾವನ್ನು ಎರಡೂ ಹೆಬ್ಬೆರಳಿನಿಂದ ಒತ್ತುತ್ತಾರೆ, ಕೈ ತೆಗೆದು ಅದು ಮೇಲೇಳುವುದನ್ನು ನೋಡುತ್ತಾರೆ, ಆಮೇಲೆ ಮನೆಯವರ ಮುಖವನ್ನು ಮರುಕದಿಂದ ನೋಡುತ್ತಾರೆ. ಅಲ್ಲಿಯವರೆಗೆ ಕಾಫಿ ತಂದವರು ಲೋಟ ಹಿಡಿದು ನಿಂತೇ ಇರಬೇಕು. ಮಾವ ಸೋಫಾ ವ್ಯಾಪಾರಿಯೇನಲ್ಲ. ಜ್ಞಾನಭಾರತಿಯ ಕಡೆ ಒಂದು ಪ್ರಯೋಗಾಲಯದಲ್ಲಿ ಮೂವತ್ತು ವರ್ಷದಿಂದ ಜೀವಕೋಶಗಳ ಬೆನ್ನುಹತ್ತಿರುವ ವಿಜ್ಞಾನಿ. ಇಂಥವರ ಕೈಗೆ ಕಳೆದ ವರ್ಷ, ಮುರಿದು ಕೂಡಿದ್ದ ನಮ್ಮಮ್ಮನ ಕಾಲು ಸಿಕ್ಕಿತು.

ಮೊದಲು ಆ ಕೋಶಗಳ ವಿಷಯ ಹೇಳಿಬಿಡುತ್ತೇನೆ. ಮಾವ ನಮಗೆ ಅದನ್ನು ಹೇಳದೆ ಬಿಟ್ಟ ಹಬ್ಬವಿಲ್ಲ. ಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ತಾನು ನಿಂತ ನೆಲ ಎಂಥದ್ದೆಂದು ಅದಕ್ಕೆ ತಿಳಿಯುವುದು ಹೇಗೆ? ಅಲ್ಲಲ್ಲಿ ಪುಟ್ಟ ಹಿಡಿತಗಳನ್ನು ಊರಿ, ನೆಲವನ್ನು ತನ್ನ ಕಡೆಗೆ ಎಳೆದು ನೋಡುತ್ತದಂತೆ. ನೆಲ ಬಗ್ಗದೆ ಎದುರು ನಿಂತರೆ ಹಿಡಿತ ಬಲಿಯುತ್ತದೆ. ಮೆತ್ತಗೆ ಎಳೆದತ್ತ ಬಂದುಬಿಟ್ಟರೆ ಸಡಿಲವಾಗುತ್ತದೆ. ಆ ಎಳೆತ ಒಳಗಿನ ಸಣ್ಣ ನಾರುಗಳ ಮೂಲಕ ಕೋಶದ ನಡುವಿನವರೆಗೂ ಮುಟ್ಟಿ, ಬೆಳೆಯಬೇಕೋ ಸುಮ್ಮನಿರಬೇಕೋ ಎಂಬುದು ಅದರಿಂದಲೂ ತೀರ್ಮಾನವಾಗುತ್ತದಂತೆ. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಮಾವ ಇದನ್ನು ಸಂಸಾರಕ್ಕೂ ಅನ್ವಯಿಸಿದ್ದೇ ನಮ್ಮ ಗ್ರಹಚಾರ!

ವಿಜಯನಗರದ ಮಾರುಕಟ್ಟೆಯಲ್ಲಿ ಅವರು ಟೊಮೆಟೊ ಒತ್ತುವುದನ್ನು ಸಹಿಸಿ ಸಹಿಸಿ ತರಕಾರಿಯಾಕೆ ಒಂದು ದಿನ, "ಸಾರ್, ನೀವು ದೂರದಲ್ಲೇ ನಿಂತು ಹೇಳಿ, ನಾನೇ ಒತ್ತಿ ಕೊಡ್ತೀನಿ" ಎಂದಳು. ಮಾವ ಅವಳಿಗೆ ಎಷ್ಟು ಒತ್ತಬೇಕೆಂದು ಕಲಿಸಿಕೊಟ್ಟು ಬಂದರು.

ಬಸವೇಶ್ವರನಗರದಿಂದ ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಾಗ ಹಿರಿಯರಾಗಿ ಮಾತಾಡಬೇಕಿದ್ದವರು ಇವರೇ. ಸಂಬಳ ಕೇಳಲಿಲ್ಲ, ಜಾತಕ ಕೇಳಲಿಲ್ಲ. ಯಾವ ಹಾಸಿಗೆಯ ಮೇಲೆ ಮಲಗುತ್ತೀರಿ ಎಂದು ಕೇಳಿದರು! ಹುಡುಗ ಕೆಂಪಗಾಗಿ ಫೋಮ್ ಎಂದ. ಮಾವ ನಿಟ್ಟುಸಿರು ಬಿಟ್ಟರು. ಮದುವೆಯೇನೋ ಆಯಿತು. ಮಾವನ ಉಡುಗೊರೆಯಾಗಿ ಕಲ್ಲಿನಂಥ ಹತ್ತಿ ಹಾಸಿಗೆ ಆಟೋದ ಮೇಲೆ ಬಂತು. ತಂಗಿಯ ಗಂಡನಿಗೆ ಈಗ ಬೆನ್ನುನೋವು. ಮಾವನ ಪ್ರಕಾರ ಅದು ಪ್ರಗತಿ.

ಇನ್ನು ಅಮ್ಮನ ಕಾಲು. ಗೋವಿಂದರಾಜನಗರದ ನಮ್ಮ ಮನೆಯ ಮೆಟ್ಟಿಲಿನಲ್ಲಿ ಜಾರಿ, ಪಾದದ ಹತ್ತಿರ ಮೂಳೆ ಮುರಿದುಕೊಂಡಳು. ಪಟ್ಟಿ ಬಿಚ್ಚಿದ ಡಾಕ್ಟರು ಮೂಳೆ ಕೂಡಿದೆ, ಕಾಲೂರಿ ಎಂದರು. ಮೂರು ವಾರವಾದರೂ ಅಮ್ಮ ಊರಲಿಲ್ಲ. ನೆಲ ಕಂಡರೆ ಸಾಕು, ಕಾಲು ಮೇಲೆ ಎಳೆದುಕೊಳ್ಳುತ್ತಿದ್ದಳು. ಕಾಲು ಸೊರಗುತ್ತಾ ಬಂತು. ತನ್ನ ಚಪ್ಪಲಿಗಳನ್ನು ಕೆಲಸದವಳಿಗೆ ಕೊಟ್ಟುಬಿಡು ಎಂದು ಅವಳು ಹೇಳಿದ ದಿನ ನನಗೆ ನಿಜಕ್ಕೂ ಹೆದರಿಕೆಯಾಗಿ ಮಾವನಿಗೆ ಫೋನ್ ಮಾಡಿದೆ. ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ ಅವರು. ಅರ್ಧ ಗಂಟೆಯಲ್ಲಿ ಬಂದರು.

ಬಂದವರು ಕುರ್ಚಿಯನ್ನೂ ಒತ್ತದೆ ಉಪನ್ಯಾಸ ಶುರುಮಾಡಿದರು. ಭಾರ ಬೀಳದಿದ್ದರೆ ಮೂಳೆಗೆ ತಾನೇಕೆ ಗಟ್ಟಿಯಾಗಿರಬೇಕೆಂದೇ ಗೊತ್ತಾಗುವುದಿಲ್ಲ, ಎದುರು ಒತ್ತುವ ನೆಲ ಬೇಕು, ಇತ್ಯಾದಿ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ನಿನ್ನ ಕೋಶ ಯಾವತ್ತಾದ್ರೂ ಮೆಟ್ಟಿಲಿಂದ ಬಿದ್ದಿತ್ತೇನೋ?"

ಮಾವ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಅರವತ್ತರ ಮಂಡಿಗಳನ್ನು ಲಟಲಟ ಅನ್ನಿಸುತ್ತಾ ಅಮ್ಮನ ಕುರ್ಚಿಯ ಮುಂದೆ ನೆಲದ ಮೇಲೆ ಕೂತರು. ಬಲಗೈಯನ್ನು ಅಂಗಾತ ನೆಲಕ್ಕಿಟ್ಟರು.

"ನೆಲ ಬೇಡ ಅಕ್ಕ. ನನ್ನ ಕೈ ಮೇಲೆ ಇಡು."

ಅಮ್ಮ ಎಷ್ಟೋ ಹೊತ್ತು ಆ ಕೈಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಹಿಮ್ಮಡಿ ಇಟ್ಟಳು, ಸರಕ್ಕನೆ ಎತ್ತಿದಳು, ಮತ್ತೆ ಇಟ್ಟಳು. ನನ್ನ ಹೆಗಲು ಹಿಡಿದು ಸ್ವಲ್ಪ ಸ್ವಲ್ಪವೇ ಭಾರ ಬಿಟ್ಟಳು. ಕುರ್ಚಿಯಿಂದ ಮೇಲೆದ್ದೇಬಿಟ್ಟಳು! ಮಾವ ತಲೆ ಎತ್ತಲಿಲ್ಲ. ಅವರ ಬೆರಳುಗಳು ಬೆಳ್ಳಗಾಗಿದ್ದವು.

"ನೋವಾಗಲ್ವೇನೋ ನಿಂಗೆ?" ಎಂದಳು ಅಮ್ಮ.

"ಆಗ್ತಾ ಇದೆ ಅಕ್ಕ. ಇನ್ನೂ ಒತ್ತು."